ಹಡಗಿನಲ್ಲಿ ಒಂದು ಚೂರು ಗೋಧಿ

ಗೋಧಿ ತಿನ್ನಬಾರದವರಿಗೆ ನಮ್ಮ ತುಮಕೂರು ಸೀಮೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ ಎಂದು ಯಾರಾದರೂ ಅಂದುಕೊಳ್ಳಬಹುದು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ರಾಗಿ ಮುದ್ದೆ, ರಾತ್ರಿ ಅನ್ನ ಸಾರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಎರಡು ಮನೆ ಆಚೆ ಇರುವ ಸರ್ವಮಂಗಳಮ್ಮನ ಪಕ್ಕ ಕುಳಿತು ಅವರ ಮಾತು ಕೇಳಿದ ಮೇಲೆ ಆ ಅನಿಸಿಕೆ ಹೋಯಿತು.

ನಮ್ಮ ಜನಕ್ಕೆ ಗೋಧಿ ಊಟವಲ್ಲ, ಪಥ್ಯ. ಸಕ್ಕರೆ ಕಾಯಿಲೆ ಬಂತೆಂದರೆ ಅನ್ನ ಬಿಟ್ಟು ಚಪಾತಿ. ಒಪ್ಪತ್ತು ಎಂದರೆ ಅನ್ನ ಬಿಟ್ಟು ಉಪ್ಪಿಟ್ಟು. ಜ್ವರ ಬಂದರೆ ಬ್ರೆಡ್ಡು, ಹೊಟ್ಟೆ ಕೆಟ್ಟರೆ ರವೆ ಗಂಜಿ. ಯಾರಾದರೂ ‘ನನಗೆ ಪಥ್ಯ’ ಎಂದು ಬಾಯಿ ಬಿಟ್ಟರೆ ಸಾಕು, ಮನೆಯಾಕೆ ಪ್ರೀತಿಯಿಂದ ಎದ್ದು ಹೋಗಿ ಚಪಾತಿ ಲಟ್ಟಿಸುತ್ತಾಳೆ. ಸರ್ವಮಂಗಳಮ್ಮನಿಗೆ ಏಳು ವರ್ಷದಿಂದ ಈ ಪ್ರೀತಿಯೇ ಕಾಟ.

ಅವರಿಗೆ ಈಗ ಐವತ್ತೇಳು. ಹುಟ್ಟಿದ್ದು ಹಾಗಲವಾಡಿಯಲ್ಲಿ. ಇಪ್ಪತ್ತಕ್ಕೆ ಸಿ.ಎಸ್. ಪುರದ ಕರಿಸಿದ್ದಪ್ಪನವರನ್ನು ಮದುವೆಯಾದರು. ಕರಿಸಿದ್ದಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮೂವತ್ತೆರಡು ವರ್ಷ ಕಂಬ ಹತ್ತಿ ಇಳಿದು ನಿವೃತ್ತರಾದವರು. ಸರ್ವಮಂಗಳಮ್ಮ ಗುಬ್ಬಿಯ ಒಂದು ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟದ ಅಡುಗೆ ಮಾಡಿದರು. ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದ ಆಕೆಯ ಮೈಮೇಲೆ ಮಾತ್ರ ಮಾಂಸವೇ ಇರಲಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರಂತೆ, ಅದೂ ಬಡಿಸುವಾಗಲೇ. ಎರಡು ಗರ್ಭ ನಿಲ್ಲಲಿಲ್ಲ. ಮೂರನೆಯದು ಹೆಣ್ಣಾಗಿ ಉಳಿಯಿತು, ಈಗ ಅರಸೀಕೆರೆಯಲ್ಲಿ ಸಂಸಾರ ಮಾಡಿಕೊಂಡಿದೆ. ದೃಷ್ಟಿ ತೆಗೆಸಿದರು, ಹುಳದ ಔಷಧಿ ಕುಡಿಸಿದರು, ಯಡಿಯೂರಿಗೆ ನಡೆದು ಹೋಗಿ ಹರಕೆ ಒಪ್ಪಿಸಿದರು. ಹೊಟ್ಟೆ ಉಬ್ಬರ, ಭೇದಿ, ಸುಸ್ತು ಹೋಗಲಿಲ್ಲ.

ಐವತ್ತು ತುಂಬಿದ ಮೇಲೆ ತುಮಕೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬೆಂಗಳೂರಿಗೆ ಕಳುಹಿಸಿ ಕರುಳಿನ ಒಳಗೆ ನಳಿಕೆ ಬಿಟ್ಟು ನೋಡಿಸಿದರು. ಗೋಧಿಯಲ್ಲಿ ಗ್ಲುಟನ್ ಎಂಬ ಅಂಟು ಇರುತ್ತದೆ, ನಿಮ್ಮ ಕರುಳು ಅದನ್ನು ಶತ್ರುವೆಂದುಕೊಂಡು ತನ್ನನ್ನೇ ಸುಟ್ಟುಕೊಳ್ಳುತ್ತಿದೆ ಎಂದು ವಿವರಿಸಿದರು. ಸೀಲಿಯಾಕ್ ಅಂತ ಅದರ ಹೆಸರು. ಮಾತ್ರೆ ಇಲ್ಲ. ಗೋಧಿ, ಮೈದಾ, ರವೆ, ಶ್ಯಾವಿಗೆ ಒಂದು ಚೂರೂ ಕೂಡದು; ಚಪಾತಿ ಬೇಯಿಸಿದ ಕಾವಲಿಯ ಮೇಲೆ ರೊಟ್ಟಿಯನ್ನೂ ಹಾಕಿಕೊಳ್ಳಬೇಡಿ ಎಂದರು. ಅಂಗಡಿಯ ಇಂಗಿಗೂ ಮೈದಾ ಬೆರೆಸಿರುತ್ತಾರೆ, ನೋಡಿ ತೆಗೆದುಕೊಳ್ಳಿ ಎಂದೂ ಹೇಳಿದರು. ಮೂರೇ ತಿಂಗಳಲ್ಲಿ ಆಕೆಯ ಬಳೆಗಳು ಕೈಗೆ ಬಿಗಿಯಾದವು. ಐವತ್ತು ವರ್ಷದ ಮೇಲೆ ನನಗೆ ಹಸಿವು ಅಂದರೇನು ಅಂತ ಗೊತ್ತಾಯಿತು ಎಂದು ಆಕೆ ನನಗೆ ಹೇಳಿದ್ದರು.

ಒಂದೇ ಒಂದು ಹೆದರಿಕೆ ಇತ್ತು, ಪ್ರಸಾದ. ಪಂಕ್ತಿಯಲ್ಲಿ ಕುಳಿತು ರವೆ ಸಜ್ಜಿಗೆ ಬೇಡ ಎನ್ನುವುದು ಹೇಗೆ? ಮಠದ ದಾಸೋಹದಲ್ಲಿ ಬಡಿಸುವ ಮಹಾದೇವಯ್ಯ ಎಂಬ ಹಿರಿಯರ ಹತ್ತಿರ ಅಳುಕುತ್ತಾ ಹೇಳಿಕೊಂಡರಂತೆ. ಅವರು ಸೌಟನ್ನು ಹಿಂದಕ್ಕೆ ತೆಗೆದು, “ಶಿವ ಕೊಟ್ಟ ಹೊಟ್ಟೇನೂ ಪ್ರಸಾದವೇ ತಾಯಿ. ಇದನ್ನ ತಿಂದು ಅದನ್ನ ಕೆಡಿಸ್ಕೋಬೇಡಿ” ಎಂದು ಬಾಳೆಹಣ್ಣು ಇಟ್ಟು ಮುಂದೆ ಹೋದರಂತೆ. ಓದು ಬರಹ ಹೆಚ್ಚಿಲ್ಲದ ಮನುಷ್ಯ. ಒಂದೇ ಸಲ ಹೇಳಿದ್ದಕ್ಕೆ ನಂಬಿದರು.

ನಂಬದವರು ಮನೆಯೊಳಗೇ ಇದ್ದರು.

ಕರಿಸಿದ್ದಪ್ಪನವರ ತಮ್ಮ ಸಂಗಮೇಶ್ ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಕೊಡುಗೈ ಮನುಷ್ಯ, ಮಾತು ಜೋರು. ಕಳೆದ ಚಳಿಗಾಲದಲ್ಲಿ ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಅದಕ್ಕೆಂದು ಮನೆಯ ಹನ್ನೊಂದು ಜನರನ್ನು ಮುಂಬಯಿಯಿಂದ ಲಕ್ಷದ್ವೀಪದವರೆಗೆ ಪ್ರವಾಸದ ಹಡಗಿನಲ್ಲಿ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದರು. ಸರ್ವಮಂಗಳಮ್ಮ ತಾನು ಬರುವುದಿಲ್ಲ ಎಂದರು, ಊಟದ ಕಾರಣಕ್ಕೆ. ಎರಡು ಸಾವಿರ ಜನಕ್ಕೆ ಅಡುಗೆ ಮಾಡುವವರಿಗೆ ನಿಮ್ಮ ಒಂದು ತಟ್ಟೆ ಹೆಚ್ಚೇ ಎಂದು ಮೈದುನ ನಕ್ಕರು. ಹಡಗಿನವರು ಇಂಥ ಊಟವನ್ನು ಬೇರೆಯೇ ಮಾಡಿಕೊಡುತ್ತಾರೆ, ಡಾಕ್ಟರ ಚೀಟಿ ಕೊಡಿ, ನಾನೇ ಎಲ್ಲ ಬರೆಸುತ್ತೇನೆ ಎಂದರು. ಆಕೆ ಸಮುದ್ರ ನೋಡಿದವರಲ್ಲ. ಚೀಟಿ ಕೊಟ್ಟರು. ಆದರೂ ಎರಡು ದಿನ ಕುಳಿತು ಅಕ್ಕಿ ರೊಟ್ಟಿಯನ್ನು ಸುಟ್ಟು ಒಣಗಿಸಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಬೆಲ್ಲ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡರು.

ಹಡಗಿನ ಬಾಗಿಲಲ್ಲಿ ಆ ಚೀಲವನ್ನು ಇಳಿಸಿಕೊಂಡರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಎಲ್ಲರಿಗೂ ಅದೇ ನಿಯಮ, ಅದರಲ್ಲಿ ತಪ್ಪೇನಿಲ್ಲ ಎಂದು ಆಕೆಯೇ ಹೇಳಿದರು. ಅಲ್ಲಿಂದ ಮುಂದೆ ಮೈದುನ ಬರೆಸಿದ್ದೇ ಆಕೆಗೆ ಆಧಾರ.

ಮೊದಲ ದಿನದ ಊಟಕ್ಕೆ ಆಕೆಯ ತಟ್ಟೆ ಬೇರೆಯೇ ಬಂತು, ಮೇಲೆ ಒಂದು ಸಣ್ಣ ಚೀಟಿ ಅಂಟಿಸಿ. ಮುಚ್ಚಳ ತೆಗೆದರೆ ಮೂರು ಗೋಧಿ ಚಪಾತಿ, ಗೋಧಿ ನುಚ್ಚಿನ ಉಪ್ಪಿಟ್ಟು. ಸಂಗಮೇಶ್ ಫಾರಂನಲ್ಲಿ ಪಥ್ಯ ಎಂಬ ಜಾಗದಲ್ಲಿ ಸಕ್ಕರೆ ಕಾಯಿಲೆ ಎಂದು ಗುರುತು ಹಾಕಿಸಿದ್ದರು. ನಮ್ಮ ಕಡೆಯವರಿಗೆ ಪಥ್ಯವೆಂದರೆ ಬೇರೆ ಏನು ಹೊಳೆಯುತ್ತದೆ? ಅಷ್ಟಕ್ಕೆ ಸರ್ವಮಂಗಳಮ್ಮನಿಗೂ ಸಿಟ್ಟು ಬರಲಿಲ್ಲ. ಹಣ್ಣು ತಿಂದು ಎದ್ದರು. ಬಡಿಸುವವನು ಪಾಪ, ಗಾಬರಿಯಾಗಿ ನಿಮ್ಮ ಗುಂಪಿನ ಯಜಮಾನರು ಕೌಂಟರಿಗೆ ಬಂದು ಸರಿಪಡಿಸಲಿ ಎಂದ. ಸಂಗಮೇಶ್ ಎದ್ದರು, ಜೊತೆಗೆ ಕರಿಸಿದ್ದಪ್ಪನವರೂ ಹೋದರು. ಕಾಲು ಗಂಟೆಯಲ್ಲಿ ಇಬ್ಬರೂ ವಾಪಸು ಬಂದರು. ಎಲ್ಲ ಹೇಳಿ ಆಯಿತು, ನಾಳೆಯಿಂದ ಯೋಚನೆ ಇಲ್ಲದೆ ಊಟ ಮಾಡು ಎಂಬ ಭರವಸೆ ಸಿಕ್ಕಿತು. ಈ ಮಾತನ್ನು ಹೇಳಿದ್ದು ಸಂಗಮೇಶ್ ಅಲ್ಲ, ಕರಿಸಿದ್ದಪ್ಪ. ಆದ್ದರಿಂದ ಆಕೆ ನಂಬಿದರು.

ಮರುದಿನ ಮಧ್ಯಾಹ್ನ ಚಪಾತಿ ಇರಲಿಲ್ಲ. ಅನ್ನ, ದಾಲು, ತರಕಾರಿಯ ಗಟ್ಟಿ ಸೂಪು, ಪನೀರ್ ಪಲ್ಯ. ಹಸಿದಿದ್ದ ಆಕೆ ಎಲ್ಲವನ್ನೂ ತಿಂದರು. ಸೂಪನ್ನೂ ಪಲ್ಯದ ಗೊಜ್ಜನ್ನೂ ಗಟ್ಟಿ ಮಾಡಿದ್ದು ಮೈದಾದಿಂದ. ಮೂರು ಗಂಟೆಯೊಳಗೆ ಹೊಟ್ಟೆ ಹಿಂಡತೊಡಗಿತು.

ಮೂರನೆಯ ದಿನ ಎಲ್ಲರೂ ಸಣ್ಣ ದೋಣಿಗಳಲ್ಲಿ ದ್ವೀಪ ನೋಡಲು ಹೊರಟರು. ಸರ್ವಮಂಗಳಮ್ಮ ಕೋಣೆಯಲ್ಲಿ ಹಾಸಿಗೆಗೂ ಪಾಯಿಖಾನೆಗೂ ಓಡಾಡುತ್ತಿದ್ದರು. ಕರಿಸಿದ್ದಪ್ಪ ತಾನೂ ಇರುತ್ತೇನೆ ಎಂದು ಒಂದು ಸಲ ಹೇಳಿ, ತಮ್ಮ ಕರೆದ ಕೂಡಲೇ ಹೋದರು. ಉಳಿದವಳು ಸಂಗಮೇಶ್ ಮಗಳು ಅಕ್ಷತಾ. ಫಾರ್ಮಸಿ ಓದುವ ಹುಡುಗಿ, ಇಪ್ಪತ್ತೆರಡು ವರ್ಷ. ದೊಡ್ಡಮ್ಮನಿಗೆ ಬರೀ ಗಂಜಿ ಬೇಯಿಸಿಕೊಡಿ ಎಂದು ಕೇಳಲು ಕೌಂಟರಿಗೆ ಹೋದಳು. ಅವರು ಗಂಜಿ ಮಾಡಿಕೊಡುತ್ತೇವೆ ಎಂದು ಹೇಳಿ, ಆದರೆ ನಿಮ್ಮವರೇ ಹೀಗೆ ಬರೆದಿದ್ದಾರಲ್ಲ ಎಂದು ಫಾರಂ ತೋರಿಸಿದರು. ಹುಡುಗಿ ಅದರ ಫೋಟೋ ತೆಗೆದುಕೊಂಡು ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು. ಅದರಲ್ಲಿದ್ದದ್ದನ್ನು ದೊಡ್ಡಮ್ಮನಿಗೆ ಓದಿ ಹೇಳಿದಳಂತೆ.

ಮೊದಲ ದಿನ ಕೌಂಟರಿನಲ್ಲಿ ಹಡಗಿನವರು ಒಂದೇ ಪ್ರಶ್ನೆ ಕೇಳಿದ್ದರು. ಇದು ಕಾಯಿಲೆಯೋ, ಇಷ್ಟವೋ? ಕಾಯಿಲೆಯಾದರೆ ಡಾಕ್ಟರ ಚೀಟಿ ಕೊಡಿ, ಪಾತ್ರೆಯಿಂದ ಹಿಡಿದು ಎಲ್ಲ ಬೇರೆ ಮಾಡುತ್ತೇವೆ. ಇಷ್ಟವಾದರೆ ಚಪಾತಿ ಮಾತ್ರ ತೆಗೆಯುತ್ತೇವೆ. ಡಾಕ್ಟರ ಚೀಟಿ ಕುಣಿಗಲ್ ಅಂಗಡಿಯ ಡ್ರಾಯರಿನಲ್ಲಿ ಉಳಿದಿತ್ತು. ಮರೆತು ಬಂದೆ ಎನ್ನಲು ಸಂಗಮೇಶ್‌ಗೆ ಬಾಯಿ ಬರಲಿಲ್ಲ. ಇಷ್ಟವಷ್ಟೇ, ಸ್ವಲ್ಪ ಗೋಧಿ ಸೇರಿದರೆ ತೊಂದರೆ ಇಲ್ಲ ಎಂದು ಬರೆಸಿ ಸೈನ್ ಹಾಕಿದ್ದರು. ಅದರ ಕೆಳಗೆ ಇನ್ನೊಂದು ಸೈನ್ ಇತ್ತು. ಆ ಸೈನನ್ನು ಸರ್ವಮಂಗಳಮ್ಮ ಮೂವತ್ತೇಳು ವರ್ಷದಿಂದ ನೋಡುತ್ತಿದ್ದಾರೆ.

ಸಂಜೆ ಬಿಸಿಲಿರುವಾಗಲೇ ದ್ವೀಪದಿಂದ ಬಂದ ಕರಿಸಿದ್ದಪ್ಪ ಕಾಲಿನ ಮರಳು ಕೊಡವಿಕೊಳ್ಳುತ್ತಿದ್ದರು. ಆಕೆ ಅಕ್ಷತಾಳ ಫೋನನ್ನು ಮುಂದೆ ಹಿಡಿದರು.

“ಇದಕ್ಕೆ ಸೈನು ಓದಿ ಹಾಕಿದ್ರಾ, ಓದದೇ ಹಾಕಿದ್ರಾ?”

ಕರಿಸಿದ್ದಪ್ಪ ಫೋಟೋ ನೋಡಿದರು. “ಓದೀನೇ ಹಾಕ್ದೆ ಕಣೇ. ಅವನು ಚೀಟೀನ ಅಂಗಡೀಲೇ ಮರೆತು ಬಂದಿದ್ದ. ಒಂದ್ ಸ್ವಲ್ಪ ತಿಂದ್ರೆ ಏನೂ ಆಗಲ್ಲ ಅಂದ. ಇಷ್ಟ್ ಜನಾನ ಕರ್ಕೊಂಡ್ ಬಂದವ್ನೆ. ಅಲ್ಲಿ ನಿಂತ್ಕೊಂಡು ಅವನ ಮಾತು ಸುಳ್ಳು ಅನ್ನಕ್ಕಾಗುತ್ತಾ?”

“ನಂದು ಸುಳ್ಳು ಅನ್ನಕ್ಕಾಯ್ತಲ್ಲ.”

ಆಕೆ ಮುಂದುವರಿಸಿದರು.

“ಕಂಬ ಹತ್ತೋಕ್ ಮುಂಚೆ ಲೈನ್ ಆಫ್ ಆಗಿದೆ ಅಂತ ಸಬ್‌ಸ್ಟೇಷನ್ನವನು ಬರೆದು ಕೊಡ್ಬೇಕಿತ್ತು ಅಲ್ವಾ ನಿಮ್ಗೆ? ಅವನು ಒಂದ್ ಸ್ವಲ್ಪ ಕರೆಂಟ್ ಐತೆ, ಪರವಾಗಿಲ್ಲ ಅಂತ ಸೈನ್ ಹಾಕಿ ಕೊಟ್ಟಿದ್ರೆ ಹತ್ತುತ್ತಿದ್ರಾ ನೀವು?”

ಕರಿಸಿದ್ದಪ್ಪನವರ ಮುಖ ಕಪ್ಪಿಟ್ಟಿತು ಎಂದು ಆಕೆ ಹೇಳಿದರು. ಆದರೂ ತಪ್ಪಾಯಿತು ಎನ್ನಲಿಲ್ಲ. ನಾಳೆ ಒಂದು ದಿನ ಕಳೆದುಬಿಡು, ಅವನ ಸಂತೋಷ ಕೆಡಿಸಬೇಡ ಎಂದು ಟವೆಲ್ ತೆಗೆದುಕೊಂಡು ಸ್ನಾನಕ್ಕೆ ಹೋದರು.

ಹೊಟ್ಟೆನೋವಿಗಿಂತ ಹೆಚ್ಚಾಗಿ, ಅವರು ಟವೆಲ್ ಹಿಡಿದು ಹೊರಟದ್ದು ಆಕೆಯನ್ನು ಎಬ್ಬಿಸಿ ನಿಲ್ಲಿಸಿತು. ಗುಬ್ಬಿಯ ಶಾಲೆಯಲ್ಲಿ ಕಡಲೆಬೀಜ ತಿಂದರೆ ಮೈಯೆಲ್ಲ ದದ್ದೇಳುತ್ತಿದ್ದ ಒಂದು ಹೆಣ್ಣು ಮಗು ಇತ್ತು. ಅದರ ತಾಯಿ ಬಂದು ಒಂದೇ ಸಲ ಹೇಳಿದ್ದಕ್ಕೆ, ಇನ್ನೂರು ಮಕ್ಕಳ ಗಲಾಟೆಯಲ್ಲಿಯೂ ಆ ಮಗುವಿಗೆ ಬೇರೆ ಸೌಟು, ಬೇರೆ ಬಟ್ಟಲು ಇಟ್ಟು ಐದು ವರ್ಷ ಕಾಪಾಡಿದವರು ಈಕೆ. ಯಾರದೋ ಮಗುವಿನ ತಾಯಿಯ ಮಾತಿಗೆ ತಾನು ಕೊಟ್ಟ ಬೆಲೆ ತನ್ನ ಮಾತಿಗೆ ತನ್ನವರಲ್ಲಿ ಇಲ್ಲವಲ್ಲ ಎನ್ನುವಾಗ ಆಕೆಯ ಧ್ವನಿ ಏರಲಿಲ್ಲ.

ಅಕ್ಷತಾಳನ್ನು ಕರೆದುಕೊಂಡು ಕೌಂಟರಿಗೆ ಹೋದರು. ಹೋಗುವಾಗಲೇ ಹುಡುಗಿಗೆ ಹೇಳಿದರು:

“ನಾನು ಏನ್ ಹೇಳ್ತೀನೋ ಅಷ್ಟೇ ಹೇಳು. ಸೇರಿಸ್ಬೇಡ, ಬಿಡ್ಬೇಡ. ನಿಮ್ಮಪ್ಪನ ಮಾನ ಕಾಯೋಕೂ ಹೋಗ್ಬೇಡ.”

ಅಡುಗೆಯ ಮುಖ್ಯಸ್ಥರು ಗೋವಾದ ಕಡೆಯ ವಯಸ್ಸಾದ ಮನುಷ್ಯ. ಆಕೆ ಕನ್ನಡದಲ್ಲಿ ಹೇಳುತ್ತ ಹೋದರು, ಹುಡುಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಡಾಕ್ಟರ ಚೀಟಿ ಇಲ್ಲ, ಅದನ್ನು ಮರೆತು ಬಂದಿದ್ದಾರೆ, ಮೊದಲು ಬರೆದದ್ದು ಸುಳ್ಳು ಎನ್ನುವುದನ್ನೂ ಬಿಡಲಿಲ್ಲ. ಅವರು ಎರಡೇ ಪ್ರಶ್ನೆ ಕೇಳಿ ಫಾರಂ ಮುಂದಿಟ್ಟರು. ಸರ್ವಮಂಗಳಮ್ಮ ಹಳೆಯ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದು, ಕನ್ನಡದಲ್ಲಿ, ‘ನನಗೆ ಗೋಧಿ ಒಂದು ಚೂರೂ ಆಗುವುದಿಲ್ಲ. ಇದು ಕಾಯಿಲೆ. ಇದನ್ನು ಹೇಳುತ್ತಿರುವುದು ನಾನು’ ಎಂದು ಬರೆದು ಸೈನ್ ಮಾಡಿದರು. ಕೆಳಗೆ ಅಕ್ಷತಾ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು. ಆ ಹಿರಿಯರು ಕೈ ಮುಗಿದು, ಬೇರೆ ಬಾಣಲೆ ತೆಗೆಸುತ್ತೇನೆ ಎಂದು ಒಳಗೆ ಹೋದರು.

ನಾಲ್ಕನೆಯ ದಿನ ಮಧ್ಯಾಹ್ನ ಊಟದ ಹಾಲ್‌ನಲ್ಲಿ ಸಂಗಮೇಶ್ ದಂಪತಿಗಳ ಕೇಕು ಕತ್ತರಿಸುವ ಕಾರ್ಯಕ್ರಮ. ಮೊದಲು ಗಂಡ ಹೆಂಡತಿ ಒಬ್ಬರ ಬಾಯಿಗೆ ಒಬ್ಬರು ಇಟ್ಟರು. ಆಮೇಲೆ ಹಿರಿಯರಿಂದ ಹಿಡಿದು ಎಲ್ಲರ ಬಾಯಿಗೆ ತಾವೇ ತಿನ್ನಿಸುತ್ತ ಬಂದರು. ಅಳಿಯ ಒಬ್ಬ ವಿಡಿಯೋ ತೆಗೆಯುತ್ತಿದ್ದ. ಕರಿಸಿದ್ದಪ್ಪ ಬಾಯಿ ತೆರೆದು ತಿಂದರು. ಮುಂದಿನ ತುಂಡು ಸರ್ವಮಂಗಳಮ್ಮನ ತುಟಿಯ ಹತ್ತಿರ ಬಂತು.

“ತೆಗೀರಿ ಅತ್ತಿಗೆ ಬಾಯಿ. ಇಪ್ಪತ್ತೈದು ವರ್ಷಕ್ಕೊಂದ್ ಸಲ. ಒಂದ್ ಚೂರು.”

ಆಕೆ ಬೇಡ ಎಂದು ತಲೆ ಆಡಿಸಿದರು. ಸಂಗಮೇಶ್ ಹೆಂಡತಿ ಪ್ರೇಮಲತಾ ಪಕ್ಕದಿಂದ ನಗುತ್ತಾ, “ನೋಡ್ರೀ ಅಕ್ಕನ್ನ, ವಿಷ ಕೊಟ್ಟಂಗೆ ಮುಖ ಮಾಡ್ಕಂಡವ್ರೆ” ಎಂದರು. ಸುತ್ತ ನಿಂತವರೂ ನಕ್ಕರು. ಕೇಕು ಇನ್ನೂ ಮುಂದೆ ಬಂತು.

ಸರ್ವಮಂಗಳಮ್ಮ ಗಂಡನ ಕಡೆ ನೋಡಿದರು. ಆಕೆ ಒಬ್ಬರೇ ಬೇಡ ಎಂದರೆ ಹಠ, ಅವರು ಒಂದು ಮಾತು ಬೇಡ ಎಂದರೆ ಕಾಯಿಲೆ. ಅಷ್ಟೇ ಬೇಕಾಗಿತ್ತು ಆಕೆಗೆ. ಕರಿಸಿದ್ದಪ್ಪ ಮೀಸೆಗೆ ಅಂಟಿದ ಕ್ರೀಮನ್ನು ಕಾಗದದಿಂದ ಒರೆಸಿಕೊಳ್ಳುತ್ತ ನೆಲ ನೋಡಿದರು.

ಆಕೆ ಮೈದುನನ ಮಣಿಕಟ್ಟನ್ನು ಹಿಡಿದುಕೊಂಡರು. ಹದಿನೆಂಟು ವರ್ಷ ದೊಡ್ಡ ಹಂಡೆಗಳನ್ನು ಇಳಿಸಿದ ಕೈ ಅದು.

“ಸಂಗಮೇಶಪ್ಪ, ವಿಷ ಅಂತ ನಾನಿನ್ನೂ ಅಂದಿರ್ಲಿಲ್ಲ. ನಿನ್ನ ಹೆಂಡ್ತೀನೇ ಅಂದ್ಳು. ಡಾಕ್ಟರ್ ಚೀಟಿ ಅಂಗಡೀಲಿ ಮರೆತು ಬಂದೆ ನೀನು. ಮರೆವು ಯಾರಿಗಿಲ್ಲ? ಮರೆತೆ ಅತ್ತಿಗೆ ಅಂತ ಒಂದ್ ಮಾತು ಅಂದಿದ್ರೆ ಹಣ್ಣು ತಿಂದ್ಕೊಂಡು ನಾಲ್ಕು ದಿನ ಇರ್ತಿದ್ದೆ. ನಿನ್ನ ಮರೆವು ಮುಚ್ಚೋಕೆ ನನ್ನ ಕರುಳೇ ಬೇಕಾಯ್ತಾ?”

ನಗು ನಿಂತಿತು. ವಿಡಿಯೋ ಹಿಡಿದಿದ್ದ ಕೈ ಕೆಳಗಿಳಿಯಿತು. ಸಂಗಮೇಶ್ ಮೆಲ್ಲಗೆ, “ಎಲ್ಲಾರ ಮುಂದೆ ಯಾಕತ್ತಿಗೆ” ಎಂದರು.

“ಎಲ್ಲಾರ ಮುಂದೆ ತಿನ್ಸೋಕೆ ಬಂದೆ ನೀನು. ಎಲ್ಲಾರ ಮುಂದೆ ಬೇಡ ಅಂದೆ ನಾನು.”

ಅವರ ಕೈಯಿಂದ ಕೇಕನ್ನು ತೆಗೆದು ತಟ್ಟೆಯಲ್ಲಿಟ್ಟು, ಆಕೆ ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಬೇರೆ ಮೇಜಿಗೆ ಕುಳಿತರು. ಅಡುಗೆಯ ಹಿರಿಯರು ತಾವೇ ತಟ್ಟೆ ಹಿಡಿದು ಬಂದರು. ಬಿಳಿ ಅನ್ನ, ತೊಗರಿ ಬೇಳೆಯ ತೊವ್ವೆ, ಬೇಯಿಸಿದ ಬೀನ್ಸು. ಅಕ್ಷತಾಳೂ ಕೈಯ ಕೇಕೆಲ್ಲ ತೊಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಎರಡು ದಿನದ ಮೇಲೆ ಹೊಟ್ಟೆಗೆ ಸೇರಿದ ಆ ಅನ್ನದ ರುಚಿ ಹೇಳುವಾಗ ಮಾತ್ರ ಸರ್ವಮಂಗಳಮ್ಮನ ಕಣ್ಣು ತುಂಬಿತ್ತು. ಅತ್ತದ್ದು ದುಃಖಕ್ಕಲ್ಲ ಅಕ್ಕ, ಸಿಟ್ಟಿಗೆ ಎಂದರು.

ಊರಿಗೆ ಬಂದ ಮೇಲೆ ಫೋನುಗಳು ಶುರುವಾದವು. ಮಂಗಳ ಕಾರ್ಯದಲ್ಲಿ ರಂಪ ಮಾಡಿದಳು, ತುಂಡು ಕೇಕಿಗೆ ಮೈದುನನ ಮಾನ ಕಳೆದಳು, ಹಡಗು ಹತ್ತಿ ಬಂದ ಮೇಲೆ ತಲೆ ತಿರುಗಿದೆ ಎಂದೆಲ್ಲ. ನಮ್ಮ ಬೀದಿಯಲ್ಲೂ ಅದೇ ಮಾತು. ಆಕೆಯ ಹೊಟ್ಟೆ ಹದಿನೈದು ದಿನ ಸರಿಹೋಗಲಿಲ್ಲ. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಗಂಡನಿಗೆ ಆಕೆ ಒಂದೇ ಮಾತು ಹೇಳಿದ್ದರು. ಸೈನ್ ಹಾಕಿದ್ದು ತಪ್ಪು ಎಂದು ನನ್ನ ಹತ್ತಿರ ಹೇಳಬೇಡಿ, ನಿಮ್ಮ ತಮ್ಮನಿಗೆ ಹೇಳಿ. ಹೇಳುವವರೆಗೆ ಅಡುಗೆ ಮಾಡಿ ಇಡುತ್ತೇನೆ, ಬಡಿಸುವುದಿಲ್ಲ. ಮದುವೆಯಾದಂದಿನಿಂದ ಒಂದು ದಿನವೂ ತಟ್ಟೆಗೆ ತಾವೇ ಅನ್ನ ಹಾಕಿಕೊಂಡವರಲ್ಲ ಕರಿಸಿದ್ದಪ್ಪ. ಮುದ್ದೆಯ ಪಾತ್ರೆ ಹುಡುಕಿಕೊಂಡು, ಸಾರು ಚೆಲ್ಲಿಕೊಂಡು, ಹತ್ತೊಂಬತ್ತು ದಿನ ಹಾಗೇ ಉಂಡರು.

ಇಪ್ಪತ್ತನೆಯ ದಿನ ಸೋಮವಾರ. ಪೂಜೆ ಮುಗಿಸಿ ಹತ್ತಿ, ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋದೆ, ಬತ್ತಿ ಹೊಸೆಯುತ್ತಾ ಮಾತಾಡೋಣ ಎಂದು. ಸಿಟ್ಟು ಬಿಡಿ ತಾಯಿ, ಶಿವನಿಗೆ ಒಪ್ಪಿಸಿಬಿಡಿ ಎಂದು ಹೇಳಬೇಕೆಂದೇ ಹೋಗಿದ್ದೆ. ಆಕೆ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದರು. ಕರಿಸಿದ್ದಪ್ಪ ನಡುಮನೆಯಲ್ಲಿ ಫೋನ್ ಹಿಡಿದು ಕುಳಿತಿದ್ದರು. ನಾನಿರುವುದನ್ನು ನೋಡಿಯೂ ತಮ್ಮನಿಗೆ ಫೋನ್ ಹಚ್ಚಿದರು. ಮೊದಲು ಚಳಿ, ಅಂಗಡಿ, ಕಬ್ಬಿಣದ ರೇಟು ಎಲ್ಲ ಆಯಿತು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಸಂಗಮೇಶ, ಆ ಹಡಗಿನ ಕಾಗದಕ್ಕೆ ನಾನು ಸೈನ್ ಹಾಕಬಾರ್ದಿತ್ತು ಕಣೋ. ನಿಮ್ಮತ್ತಿಗೇಗೆ ಗೋಧಿ ಒಂದ್ ಚೂರೂ ಆಗಲ್ಲ ಅಂತ ನಂಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ. ಅವಳದೇನೂ ತಪ್ಪಿಲ್ಲ. ಇನ್ಮೇಲೆ ಯಾರಾದ್ರೂ ಅವಳ ವಿಷಯ ಎತ್ತಿದ್ರೆ ಹಿಂಗಂತ ನಾನು ಹೇಳ್ದೆ ಅಂತ ಹೇಳು.”

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಕರಿಸಿದ್ದಪ್ಪ ಫೋನನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ ಕೈ ತೊಳೆದು ಬಂದು ಕುಳಿತರು. ಸರ್ವಮಂಗಳಮ್ಮ ತಟ್ಟೆ ಇಟ್ಟು, ಮುದ್ದೆ ಹಾಕಿ, ಅವರೆಕಾಳಿನ ಸಾರು ಬಿಟ್ಟರು. ಎಂದಿನಂತೆ ಎದುರು ಕುಳಿತುಕೊಳ್ಳಲಿಲ್ಲ. ಸೌಟನ್ನು ಒಳಗಿಟ್ಟು ನನ್ನ ಹತ್ತಿರ ಬಂದು ಕುಳಿತು, ಹತ್ತಿಯ ಒಂದು ಎಳೆ ಕಿತ್ತುಕೊಂಡರು.

“ಹೇಳಿದ್ರು, ಬಡಿಸ್ದೆ” ಎಂದರು. “ಸಿಟ್ಟು ಹೋಗಿಲ್ಲ ಅಕ್ಕ. ಹೋಗ್ಬೇಕು ಅಂತ ನೀವೂ ಹೇಳ್ಬೇಡಿ.”

ಹೇಳಲಿಲ್ಲ. ಇಬ್ಬರೂ ಬತ್ತಿ ಹೊಸೆದೆವು. ಡಬ್ಬಿ ತುಂಬಿದ ಮೇಲೆ ಎದ್ದು ಮನೆಗೆ ಬಂದೆ.